ರಾತ್ರಿಯಿಡೀ ಆಟ, ಹಗಲಿಡೀ ಎನ್‌ಕೋಡಿಂಗ್: ಪ್ರೊಸೆಸರ್ ಪಂದ್ಯಗಳ ಒಂದು ಚರಿತ್ರೆ

ಇವತ್ತಿನ ಕಂತು ಒಂದು ಸರಳ ಪ್ರಶ್ನೆಯ ಬಗ್ಗೆ. ಎರಡು ಕಂಪ್ಯೂಟರ್ ಇದಾವೆ, ಯಾವುದು ಫಾಸ್ಟ್? ಐವತ್ತು ವರ್ಷದಿಂದ ದೊಡ್ಡ ದೊಡ್ಡ ಕಂಪನಿಗಳು ಇದಕ್ಕೆ ಜಗಳ ಆಡಿವೆ. ಆ ಜಗಳದಲ್ಲಿ ಕಳೆದ ಇಪ್ಪತ್ತೈದು ವರ್ಷ ಮತ್ತೆ ಮತ್ತೆ ಕರೆಸಿಕೊಂಡ ಸಾಕ್ಷಿ ಅಂದ್ರೆ ವಿಡಿಯೊ ಎನ್‌ಕೋಡಿಂಗ್.

ಇದನ್ನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ನೋಡೋಣ. ಕಾರಣ ಇದೆ. ಅಲ್ಲಿ ವಿಡಿಯೊ ಅಂದ್ರೆ ಮೂವತ್ತು ಸೆಕೆಂಡಿನ ರೀಲ್ ಮಾತ್ರ ಅಲ್ಲ. ಯಕ್ಷಗಾನ ಇದೆ. ಕಾಲಮಿತಿ ಪ್ರಯೋಗ ಆದ್ರೆ ಮೂರು-ನಾಲ್ಕು ಗಂಟೆ. ಹಳೇ ಪದ್ಧತಿಯ ಆಟ ಆದ್ರೆ ರಾತ್ರಿ ಶುರುವಾಗಿ ಬೆಳಗಿನವರೆಗೆ. ಊರಲ್ಲಿ ಮದುವೆ ಶೂಟ್ ಮಾಡೋ ಸ್ಟುಡಿಯೊದವರೇ ಎರಡು ಕ್ಯಾಮೆರಾ ಇಟ್ಟು ಅದನ್ನೂ ರೆಕಾರ್ಡ್ ಮಾಡ್ತಾರೆ. ಬೆಂಗಳೂರಲ್ಲೋ ದುಬೈಯಲ್ಲೋ ಇರೋ ಮಗ, ಮಗಳು ಯೂಟ್ಯೂಬಲ್ಲಿ ಕಾಯ್ತಿರ್ತಾರೆ. ಅಂಥ ಸ್ಟುಡಿಯೊ ಇಟ್ಟವನಿಗೆ ಹೊಸ ಪ್ರೊಸೆಸರ್ ತಗೋಬೇಕಾ ಬೇಡ್ವಾ ಅನ್ನೋದು ತಮಾಷೆಯ ಪ್ರಶ್ನೆ ಅಲ್ಲ, ಅಡಿಕೆ ಕೊಯ್ಲಿನ ದುಡ್ಡೋ ಮದುವೆ ಸೀಸನ್ನಿನ ದುಡ್ಡೋ ಅಲ್ಲಿಗೆ ಹೋಗುತ್ತೆ.

ಮೊದಲು ಹಳೇ ಕಥೆ. 1972ರಲ್ಲಿ ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಿಂದ ವೆಟ್‌ಸ್ಟೋನ್ ಅನ್ನೋ ಪರೀಕ್ಷಾ ಪ್ರೋಗ್ರಾಂ ಬಂತು. ವೆಟ್‌ಸ್ಟೋನ್ ಒಂದು ಊರಿನ ಹೆಸರು, ಆದರೆ ಆ ಪದಕ್ಕೆ ಸಾಣೆಕಲ್ಲು ಅನ್ನೋ ಅರ್ಥವೂ ಇದೆ. ಅದು ವಿಜ್ಞಾನಿಗಳ ದಶಮಾಂಶದ ಲೆಕ್ಕಗಳನ್ನ ಅಣಕಿಸಿ ಮಾಡಿದ ಕೃತಕ ಕೆಲಸ. 1984ರಲ್ಲಿ ರೈನ್‌ಹೋಲ್ಡ್ ವೈಕರ್ ಅನ್ನೋರು ಪೂರ್ಣಾಂಕದ ಕೆಲಸಕ್ಕೆ ಇನ್ನೊಂದು ಬರೆದರು, ಅದಕ್ಕೆ ಧ್ರೈಸ್ಟೋನ್ ಅಂತ ಹೆಸರಿಟ್ಟರು. ಒಂದು ಒದ್ದೆ ಕಲ್ಲು, ಇನ್ನೊಂದು ಒಣ ಕಲ್ಲು! ಕಂಪ್ಯೂಟರ್ ಮಂದಿಯ ಹಾಸ್ಯ ಆಗಿನಿಂದಲೂ ಹೀಗೇ.

ಈ ಕಲ್ಲುಗಳ ತೊಂದರೆ ಏನು ಅಂದ್ರೆ, ಅವು ಯಾರಿಗೂ ಬೇಕಾದ ಉತ್ತರ ಕೊಡಲ್ಲ. ಪ್ರೋಗ್ರಾಂ ಓಡುತ್ತೆ, ಒಂದು ಅಂಕಿ ಬರುತ್ತೆ, ಮುಗೀತು. ಕಂಪೈಲರ್ ಬರೆಯೋ ಜಾಣರು ನೋಡಿದರು: ಈ ಲೆಕ್ಕದ ಉತ್ತರವನ್ನ ಯಾರೂ ಬಳಸ್ತಾ ಇಲ್ಲ ಅಂದ ಮೇಲೆ ಲೆಕ್ಕ ಮಾಡೋದಾದರೂ ಯಾಕೆ? ಆ ಭಾಗವನ್ನೇ ಹಾರಿಸಿಬಿಡೋದು. ಅಂಕಿ ಏರಿತು, ಯಂತ್ರ ಇದ್ದ ಹಾಗೇ ಇತ್ತು. ಹಾಗಾಗಿ 1988ರಲ್ಲಿ ಕಂಪನಿಗಳೇ ಸೇರಿ ಸ್ಪೆಕ್ ಅನ್ನೋ ಸಂಸ್ಥೆ ಕಟ್ಟಿದವು. ಕೃತಕ ಕೆಲಸ ಬೇಡ, ಜನ ನಿಜವಾಗಿ ಬಳಸೋ ಪ್ರೋಗ್ರಾಂಗಳನ್ನೇ ಓಡಿಸೋಣ ಅಂತ. ಆ ಸಂಸ್ಥೆಯ 2006ರ ಪರೀಕ್ಷಾ ಕಟ್ಟಿನಲ್ಲಿ ಎಚ್.264 ವಿಡಿಯೊ ಎನ್‌ಕೋಡಿಂಗ್ ಬಂತು, 2017ರ ಕಟ್ಟಿನಲ್ಲಿ ಎಕ್ಸ್264 ಬಂತು. ಆ ಎಕ್ಸ್264 ಪರೀಕ್ಷೆಗೆ ಕೊಡೋ ವಿಡಿಯೊ 'ಬಿಗ್ ಬಕ್ ಬನ್ನಿ', ಅದೇ ದಪ್ಪ ಮೊಲದ ಆನಿಮೇಷನ್ ಕಿರುಚಿತ್ರ.

ಎನ್‌ಕೋಡಿಂಗ್ ಅಂದ್ರೆ ನಿಜವಾಗಿ ಏನು ನಡೆಯುತ್ತೆ? ಇಲ್ಲಿ ಒಬ್ಬ ಬೆಂಗಳೂರಿನವರ ಹೆಸರು ಬರುತ್ತೆ. ಅದನ್ನ ನಾವು ಶಾಲೆಯಲ್ಲಿ ಕೇಳಿರಲ್ಲ, ಅದು ನನಗೆ ಬೇಜಾರಿನ ವಿಷಯ. ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಲ್ಲಿ ಹುಟ್ಟಿದವರು, 1961ರಲ್ಲಿ ನಮ್ಮ ಯುವಿಸಿಇ ಕಾಲೇಜಿಂದ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರು. 1972ರಲ್ಲಿ ಅವರಿಗೊಂದು ಯೋಚನೆ ಬಂತು: ಚಿತ್ರವನ್ನ ಕೊಸೈನ್ ಅಲೆಗಳಾಗಿ ಒಡೆದರೆ ಅದನ್ನ ತುಂಬ ಚಿಕ್ಕದು ಮಾಡಬಹುದಲ್ವಾ? ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಹಣಕ್ಕೆ ಅರ್ಜಿ ಹಾಕಿದರು. ಸಿಗಲಿಲ್ಲ. ಅರ್ಜಿ ನೋಡಿದವರೊಬ್ಬರ ಅಭಿಪ್ರಾಯದಲ್ಲಿ ಇದು ತೀರಾ ಸರಳ ಆಗಿತ್ತು! ಅಹ್ಮದ್ ಬಿಡಲಿಲ್ಲ. 1973ರ ಬೇಸಿಗೆ ರಜೆಯಲ್ಲಿ, ಅದಕ್ಕೆ ಸಂಬಳ ಇಲ್ಲದಿದ್ದರೂ, ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಗೆಳೆಯ ಕೆ. ಆರ್. ರಾವ್ ಜೊತೆ ಕೂತು ಅದನ್ನ ಮಾಡಿ ಮುಗಿಸಿದರು. 1974ರ ಜನವರಿಯಲ್ಲಿ ಲೇಖನ ಬಂತು. ಡಿಸಿಟಿ, ಅಂದ್ರೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್.

ಯಲ್ಲಾಪುರದ ಮಳೆಗಾಲದ ಬೆಳಗು ನೆನಪು ಮಾಡ್ಕೊಳ್ಳಿ. ಫೋಟೊದ ಅರ್ಧ ಭಾಗ ಮಂಜು, ಇನ್ನರ್ಧ ಅಡಿಕೆ ತೋಟದ ಸೋಗೆ. ಫೋಟೊವನ್ನ ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕಗಳಾಗಿ ಕತ್ತರಿಸಿ. ಒಂದೊಂದು ಚೌಕದಲ್ಲೂ 64 ಅಂಕಿ. ಡಿಸಿಟಿ ಆ 64 ಅಂಕಿಗಳನ್ನ ಬೇರೆ 64 ಅಂಕಿಗಳಾಗಿ ಬದಲಾಯಿಸುತ್ತೆ. ಈಗ ಮೊದಲ ಅಂಕಿ ಚೌಕದ ಒಟ್ಟು ಬೆಳಕನ್ನ ಹೇಳುತ್ತೆ, ಆಮೇಲಿನವು ನಿಧಾನ ಏರಿಳಿತ, ಕೊನೆಯವು ಸಣ್ಣ ಸಣ್ಣ ಗೆರೆ, ಚೂಪು. ಮಂಜಿನ ಚೌಕದಲ್ಲಿ ಮೊದಲ ಒಂದೆರಡು ಬಿಟ್ಟು ಉಳಿದದ್ದೆಲ್ಲ ಹೆಚ್ಚು ಕಡಿಮೆ ಸೊನ್ನೆ. ಸೊನ್ನೆಗಳನ್ನ ಬಿಸಾಕಬಹುದು. ಸೋಗೆಯ ಚೌಕದಲ್ಲಿ ಹಾಗೆ ಬಿಸಾಕೋಕೆ ಆಗಲ್ಲ, ಅಲ್ಲಿ ಬರೀ ಗೆರೆಗಳೇ. ವಾಟ್ಸಾಪಲ್ಲಿ ಕಳಿಸೋ ಜೆಪೆಗ್ ಫೋಟೊ, ಹಳೇ ವಿಸಿಡಿ, ಡಿವಿಡಿ ಎಲ್ಲದರ ಒಳಗೂ ಇದೇ ಇದೆ. ಯೂಟ್ಯೂಬ್ ಬಳಸೋ ಎಚ್.264ರಿಂದ ಎವಿ1ವರೆಗೆ ಬಂದವುಗಳಲ್ಲೂ ಇದೇ ಉಪಾಯದ ಬೇರೆ ಬೇರೆ ರೂಪಗಳು. (2021ರಲ್ಲಿ 'ದಿಸ್ ಈಸ್ ಅಸ್' ಅನ್ನೋ ಅಮೆರಿಕನ್ ಧಾರಾವಾಹಿಯ ಒಂದು ಕಂತಿನಲ್ಲಿ ನಾಸಿರ್ ಅಹ್ಮದ್ ದಂಪತಿಯ ಕಥೆ ಬಂದಿತ್ತು. ಆಗಲೇ ಎಷ್ಟೋ ಜನಕ್ಕೆ ಅವರ ಹೆಸರು ಗೊತ್ತಾಗಿದ್ದು.)

ವಿಡಿಯೊಗೆ ಇದರ ಮೇಲೆ ಇನ್ನೊಂದು ಕೆಲಸ ಇದೆ: ಹುಡುಕಾಟ. ಈ ಫ್ರೇಮಿನ ಈ ಚೌಕ ಹಿಂದಿನ ಫ್ರೇಮಲ್ಲಿ ಎಲ್ಲಿತ್ತು? ಸಿಕ್ಕರೆ ಚಿತ್ರ ಮತ್ತೆ ಬರೀಬೇಕಿಲ್ಲ, 'ಅಲ್ಲಿಂದ ಇಲ್ಲಿಗೆ ಸರಿದಿದೆ' ಅಂತ ಹೇಳಿದರೆ ಸಾಕು. ಪ್ರೊಸೆಸರಿನ ಬೆವರು ಹೆಚ್ಚು ಹರಿಯೋದು ಈ ಹುಡುಕಾಟದಲ್ಲೇ. ಎಷ್ಟು ಹುಡುಕ್ತೀರೋ ಫೈಲ್ ಅಷ್ಟು ಚಿಕ್ಕದಾಗುತ್ತೆ. ಎಷ್ಟು ಹುಡುಕಬೇಕು ಅನ್ನೋದು ನಿಮ್ಮ ಕೈಯಲ್ಲಿದೆ. ಎಕ್ಸ್264 ಎನ್‌ಕೋಡರಿನಲ್ಲಿ ಅದಕ್ಕೆ ಮೆಟ್ಟಿಲುಗಳಿವೆ, 'ಅಲ್ಟ್ರಾಫಾಸ್ಟ್'ನಿಂದ 'ವೆರಿ ಸ್ಲೋ'ವರೆಗೆ. ಅದರ ಮೇಲೂ ಇನ್ನೊಂದು ಮೆಟ್ಟಿಲಿದೆ, ಹೆಸರು 'ಪ್ಲಸೀಬೊ'. ಅಂದ್ರೆ ಔಷಧಿ ಇಲ್ಲದ ಮಾತ್ರೆ! ಸಮಯ ತಿನ್ನುತ್ತೆ, ಗುಣ ಕಾಣಲ್ಲ ಅಂತ ಬರೆದವರೇ ನಗ್ತಾ ಇಟ್ಟ ಹೆಸರು.

ಈಗ ಶಿರಸಿಗೆ ಬನ್ನಿ. ಒಂದೇ ಕಂಪ್ಯೂಟರ್, ಒಂದೇ ಸೆಟ್ಟಿಂಗ್, ಒಂದೊಂದು ಗಂಟೆಯ ಎರಡು ವಿಡಿಯೊ. ಒಂದು ತಾಳಮದ್ದಳೆ. ಕೃಷ್ಣನೂ ಕೌರವನೂ ಪಂಚೆ ಉಟ್ಟು, ಶಾಲು ಹೊದ್ದು, ಕೂತಲ್ಲೇ ಕೂತು ಮಾತಾಡ್ತಾರೆ. ಹಿಂದಿನ ಪರದೆ ಅಲುಗಾಡಲ್ಲ. ಎನ್‌ಕೋಡರಿಗೆ ಹಬ್ಬ; ಹುಡುಕಿದ್ದೆಲ್ಲ ಅಲ್ಲೇ ಸಿಗುತ್ತೆ. ಇನ್ನೊಂದು ಆಟ. ವೇಷಧಾರಿ ಗಿರಕಿ ಹೊಡೀತಾನೆ, ಕಿರೀಟ, ಭುಜಕೀರ್ತಿಯ ಹೊಳಪು ಒಂದೊಂದು ಫ್ರೇಮಲ್ಲೂ ಬೇರೆ, ಸೆರಗು ಹಾರುತ್ತೆ, ಕ್ಯಾಮೆರಾದವನೂ ಹಿಂದೆ ಹಿಂದೆ ತಿರುಗಿಸ್ತಾನೆ. ಹಿಂದಿನ ಫ್ರೇಮಲ್ಲಿ ಇದ್ದದ್ದು ಈ ಫ್ರೇಮಲ್ಲಿ ಇಲ್ಲ. ಅದೇ ಕಂಪ್ಯೂಟರ್ ಈಗ ನಿಧಾನ, ಫೈಲೂ ದೊಡ್ಡದು. ಯಾರಾದರೂ ತಾಳಮದ್ದಳೆ ಎನ್‌ಕೋಡ್ ಮಾಡಿ 'ನನ್ನ ಸಿಸ್ಟಮ್ ಸೆಕೆಂಡಿಗೆ 120 ಫ್ರೇಮ್' ಅಂದ್ರೆ, ಆಟ ಎನ್‌ಕೋಡ್ ಮಾಡೋನು ತನ್ನ 70 ನೋಡಿ ಹೊಟ್ಟೆ ಉರ್ಕೋಬೇಕಿಲ್ಲ. ಅವೆರಡೂ ಬೇರೆ ಬೇರೆ ಪಂದ್ಯ.

ಇದೇ ಗೊಂದಲ ಜಾಗತಿಕ ಮಟ್ಟದಲ್ಲಿ ನಡೆದದ್ದು 2000ನೇ ಇಸವಿಯಲ್ಲಿ. ಆಗ ಪ್ರೊಸೆಸರ್ ಮಾರ್ತಾ ಇದ್ದಿದ್ದೇ ಗಿಗಾಹರ್ಟ್ಸ್ ಲೆಕ್ಕದಲ್ಲಿ. ಮಾರ್ಚ್ 6ಕ್ಕೆ ಎಎಂಡಿಯ ಆಥ್ಲಾನ್ 1 ಗಿಗಾಹರ್ಟ್ಸ್ ಮುಟ್ಟಿತು, ಎರಡೇ ದಿನ ಬಿಟ್ಟು ಇಂಟೆಲ್ ಕೂಡ. ನವೆಂಬರಿನಲ್ಲಿ ಇಂಟೆಲ್ ಪೆಂಟಿಯಂ 4 ಬಿಟ್ಟಿತು, 1.4 ಮತ್ತು 1.5 ಗಿಗಾಹರ್ಟ್ಸ್. ಅಂಕಿ ನೋಡಿದರೆ ಗೆಲುವು ಖಾತ್ರಿ. ಟಾಮ್ಸ್ ಹಾರ್ಡ್‌ವೇರ್ ನಡೆಸ್ತಿದ್ದ ಥಾಮಸ್ ಪಾಬ್ಸ್ಟ್, ವೃತ್ತಿಯಿಂದ ವೈದ್ಯ, ಅದನ್ನ ಪರೀಕ್ಷೆಗೆ ಹಾಕಿದರು. ಡಿವಿಡಿಯ ವಿಡಿಯೊವನ್ನ ಎಂಪೆಗ್-4ಗೆ ಬದಲಾಯಿಸೋ ಫ್ಲಾಸ್ಕ್ ಎಂಪೆಗ್ ಅನ್ನೋ ಉಚಿತ ತಂತ್ರಾಂಶ ಓಡಿಸಿದರು. ಪೆಂಟಿಯಂ 4 ಸೋತಿತು, ಅದೂ ಗಿಗಾಹರ್ಟ್ಸ್ ಕಡಿಮೆ ಇದ್ದ ಆಥ್ಲಾನ್ ಎದುರು.

ಆಮೇಲೆ ಏನಾಯ್ತು ಗೊತ್ತಾ? ಆ ತಂತ್ರಾಂಶದ ಮೂಲ ಕೋಡ್ ಎಲ್ಲರಿಗೂ ಸಿಗ್ತಿತ್ತು. ಇಂಟೆಲ್ ಎಂಜಿನಿಯರ್‌ಗಳು ಅದನ್ನ ಬಿಚ್ಚಿ ನೋಡಿದರು. ಸಮಯ ನುಂಗ್ತಾ ಇದ್ದಿದ್ದು ಡಿಸಿಟಿಯನ್ನ ತಿರುಗಿಸಿ ಮತ್ತೆ ಚಿತ್ರ ಮಾಡೋ ಭಾಗ. ಹೌದು, ನಾಸಿರ್ ಅಹ್ಮದ್ ಅವರ ಅದೇ ಲೆಕ್ಕ. ಅದನ್ನ ಹಳೇ ಶೈಲಿಯ ಆದೇಶಗಳಲ್ಲಿ ಬರೆದಿದ್ದರು. ಪೆಂಟಿಯಂ 4ರ ಹೊಸ ಎಸ್‌ಎಸ್‌ಇ2 ಆದೇಶಗಳಲ್ಲಿ ತಿದ್ದಿ ಕಳಿಸಿದ ಮೇಲೆ ಫಲಿತಾಂಶ ತಲೆಕೆಳಗು, ಪೆಂಟಿಯಂ 4 ಮುಂದೆ. ಪಾಬ್ಸ್ಟ್ ತಮ್ಮ ವಿಮರ್ಶೆಗೆ ಪರಿಷ್ಕರಣೆ ಬರೆಯಬೇಕಾಯ್ತು. ಅದೇ ಚಿಪ್, ಅದೇ ವಿಡಿಯೊ, ಕೆಲವೇ ದಿನಗಳ ಅಂತರ, ಎರಡು ತೀರ್ಪು. ಯಾವುದು ಸರಿ? ನನ್ನ ಪ್ರಕಾರ ಎರಡೂ ಸರಿ. ಅವತ್ತು ಅಂಗಡಿಯಲ್ಲಿ ಸಿಗ್ತಿದ್ದ ತಂತ್ರಾಂಶಕ್ಕೆ ಮೊದಲನೇ ತೀರ್ಪು, ಮುಂದೆ ಬರೋ ತಂತ್ರಾಂಶಕ್ಕೆ ಎರಡನೇದು. ಅದಕ್ಕೇ ಇವತ್ತಿಗೂ ಬೆಂಚ್‌ಮಾರ್ಕ್ ಹೇಳೋರು ತಂತ್ರಾಂಶದ ಆವೃತ್ತಿ ಹೇಳದೆ ಬರೀ ಅಂಕಿ ಹೇಳಿದರೆ ನಾನು ಕಿವಿ ಕೊಡಲ್ಲ.

ಮುಂದಿನದು ಬೇಗ ಹೇಳ್ತೀನಿ. 2001ರಲ್ಲಿ ಎಎಂಡಿ ತನ್ನ ಚಿಪ್ಪಿಗೆ ಗಿಗಾಹರ್ಟ್ಸ್ ಬದಲು '1800+' ಥರ ಹೆಸರು ಇಡೋಕೆ ಶುರು ಮಾಡಿತು. ಅದರ ನಿಜವಾದ ವೇಗ 1.53 ಗಿಗಾಹರ್ಟ್ಸ್. ಇಂಟೆಲ್ 2004ರಲ್ಲಿ 3.8 ಗಿಗಾಹರ್ಟ್ಸ್‌ವರೆಗೆ ಹೋಗಿ, 4ರ ಯೋಜನೆ ಕೈಬಿಟ್ಟಿತು. ಬಿಸಿ ತಡೆಯೋಕೆ ಆಗಲಿಲ್ಲ. 2006ರಲ್ಲಿ ಕೋರ್ 2 ಡ್ಯುಯೊ ಬಂದಾಗ ಅದಕ್ಕಿಂತ ತುಂಬ ಕಡಿಮೆ ಗಿಗಾಹರ್ಟ್ಸ್‌ನಲ್ಲೇ ಹಳೇದನ್ನ ಸೋಲಿಸಿತು. ಆಮೇಲೆ ಕೋರ್‌ಗಳ ಕಾಲ. ಇಂಟೆಲ್ಲಿನ ಆರು ಕೋರ್‌ಗಳ ಡನಿಂಗ್‌ಟನ್ ಅನ್ನೋ ಸರ್ವರ್ ಚಿಪ್ 2008ರಲ್ಲಿ ಬಂತು, ವಿನ್ಯಾಸ ಆಗಿದ್ದು ಬೆಂಗಳೂರಲ್ಲಿ. 2016ರ ಡಿಸೆಂಬರಿನಲ್ಲಿ ಎಎಂಡಿ ವೇದಿಕೆ ಮೇಲೆ ತನ್ನ ರೈಜನ್ ತೋರಿಸಿತು. ಎರಡೂ ಕಡೆ ಎಂಟೆಂಟು ಕೋರ್, ಎರಡೂ ಕಡೆ ಹ್ಯಾಂಡ್‌ಬ್ರೇಕ್ ತಂತ್ರಾಂಶ, ಒಂದೇ ವಿಡಿಯೊ. ರೈಜನ್ 54 ಸೆಕೆಂಡು, 1,000 ಡಾಲರ್ ದಾಟಿದ ಇಂಟೆಲ್ ಚಿಪ್ 59 ಸೆಕೆಂಡು. ಐದೇ ಸೆಕೆಂಡಿನ ವ್ಯತ್ಯಾಸ, ಆದರೆ ಮೂರು ತಿಂಗಳ ನಂತರ ಆ ಸಾಲಿನ ಅತಿ ದುಬಾರಿ ರೈಜನ್ 499 ಡಾಲರಿಗೆ ಮಾರಾಟಕ್ಕೆ ಬಂತು. ಮಾರುಕಟ್ಟೆ ಅಲುಗಾಡಿದ್ದು ಅದಕ್ಕೆ.

ಒಂದು ಮಾತು. 54 ಸೆಕೆಂಡಿನ ಪಂದ್ಯ ವೇದಿಕೆಗೆ ಚೆಂದ. ಶಿರಸಿಯ ಸ್ಟುಡಿಯೊಗೆ ಅದು ಓಟದ ಮೊದಲ ಹೆಜ್ಜೆ ಅಷ್ಟೇ. ಲ್ಯಾಪ್‌ಟಾಪ್ ಪ್ರೊಸೆಸರ್ ಮೊದಲ ಒಂದೆರಡು ನಿಮಿಷ ಜೋರಾಗಿ ಓಡಿ, ಬಿಸಿಯಾದ ಮೇಲೆ ತಾನೇ ವೇಗ ಇಳಿಸಿಕೊಳ್ಳುತ್ತೆ. ಮಾರ್ಚ್ ತಿಂಗಳು, ಮಾರಿಕಾಂಬಾ ಜಾತ್ರೆ ಹೊತ್ತಿನ ಸೆಖೆ, ಮುಚ್ಚಿದ ರೂಮು. ಎರಡು ನಿಮಿಷದ ಅಂಕಿ ಮತ್ತು ಎರಡು ಗಂಟೆಯ ಅಂಕಿ ಒಂದೇ ಇರಲ್ಲ.

ಇನ್ನು ನಿಮ್ಮ ಕೈಲಿರೋ ಫೋನು. ಅದು ವಿಡಿಯೊ ರೆಕಾರ್ಡ್ ಮಾಡುವಾಗ ಪ್ರೊಸೆಸರಿನ ಕೋರ್‌ಗಳು ಹೆಚ್ಚು ಕಷ್ಟ ಪಡಲ್ಲ. ಎನ್‌ಕೋಡಿಂಗಿಗೆ ಅಂತಲೇ ಚಿಪ್ಪಿನ ಮೂಲೆಯಲ್ಲಿ ಬೇರೆ ಸರ್ಕ್ಯೂಟ್ ಇರುತ್ತೆ. ಕಂಪ್ಯೂಟರಿಗೂ ಅದು ಬಂತು. ಇಂಟೆಲ್ 2011ರಲ್ಲಿ ಕ್ವಿಕ್ ಸಿಂಕ್ ಅಂತ ಕೊಟ್ಟಿತು. ಫೋನಿನಲ್ಲಿ ವಿಡಿಯೊ ಬಿಚ್ಚಿ ತೋರಿಸೋದಕ್ಕೂ ಹಾಗೇ ಸರ್ಕ್ಯೂಟ್ ಇರುತ್ತೆ, ಇಲ್ಲದಿದ್ದಾಗ ಪ್ರೋಗ್ರಾಂ ಕೆಲಸ ಮಾಡುತ್ತೆ. ಎಚ್‌ಇವಿಸಿ ವಿಡಿಯೊಗೆ ಆಂಡ್ರಾಯ್ಡ್ 5.0ರಿಂದ, ಅಂದ್ರೆ 2014ರಿಂದ ಸೇರಿದ ಆ ಪ್ರೋಗ್ರಾಂ ಬರೆದಿದ್ದು ಬೆಂಗಳೂರಿನ ಇಟ್ಟಿಯಂ ಕಂಪನಿ. ಅದನ್ನ 2001ರಲ್ಲಿ ಕಟ್ಟಿದ ಶ್ರೀನಿ ರಾಜಂ ಅದಕ್ಕೆ ಮೊದಲು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಂಡಿಯಾದ ಮುಖ್ಯಸ್ಥರಾಗಿದ್ದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಿದ್ದು 1985ರಲ್ಲಿ. ಆಗ ಮುಖ್ಯಮಂತ್ರಿ ಯಾರು? ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆ. ಹೆಗಡೆಯವರಿಂದಲೇ ಫೋನಲ್ಲಿ ವಿಡಿಯೊ ಓಡ್ತಿದೆ ಅಂತ ನಾನು ಹೇಳ್ತಿಲ್ಲ, ವಾಟ್ಸಾಪ್ ಫಾರ್ವರ್ಡ್ ಮಾಡಬೇಡಿ! ಸಿದ್ದಾಪುರದವರಿಗೆ ಗೊತ್ತಿರಲಿ ಅಂತ ಹೇಳಿದೆ ಅಷ್ಟೇ.

ಸರಿ, ಈ ವಿಶೇಷ ಸರ್ಕ್ಯೂಟ್ ಬಳಸಿದರೆ ಎನ್‌ಕೋಡಿಂಗ್ ಚಕಚಕ ಮುಗಿಯುತ್ತೆ. ಹಾಗಾದ್ರೆ ಜಗಳ ಮುಗೀತಲ್ವಾ? ಇಲ್ಲ. ಅದು ಹುಡುಕಾಟದಲ್ಲಿ ಅವಸರ ಮಾಡುತ್ತೆ. ಅದೇ ಗುಣಮಟ್ಟಕ್ಕೆ ಫೈಲ್ ದೊಡ್ಡದಾಗುತ್ತೆ, ಹಳೇ ಚಿಪ್ಪುಗಳಲ್ಲಂತೂ ಎದ್ದು ಕಾಣೋ ಹಾಗೆ. ಗುಣಮಟ್ಟ ಒಂದೇ ಇದೆಯಾ ಅಂತ ಅಳೆಯೋಕೂ ಉಪಾಯಗಳಿವೆ. ನೆಟ್‌ಫ್ಲಿಕ್ಸ್ 2016ರಲ್ಲಿ ಬಿಟ್ಟ ವಿಮ್ಯಾಫ್ ಅಂಥದ್ದು. ಗುಣಮಟ್ಟ, ಫೈಲ್ ಗಾತ್ರ ಎರಡನ್ನೂ ಬಿಟ್ಟು ವೇಗ ಮಾತ್ರ ಹೋಲಿಸಿದರೆ, ಅರ್ಧ ಅಡಿಕೆ ಸುಲಿದು ಬಿಟ್ಟವನನ್ನ ಪೂರ್ತಿ ಸುಲಿದವನ ಜೊತೆ ಹೋಲಿಸಿದ ಹಾಗೆ.

ಲೆಕ್ಕ ಹಾಕೋಣ. ಅಂಕಿಗಳು ಊಹೆಯವು, ಗುಣಾಕಾರ ನಿಜದ್ದು. ಏಳು ಗಂಟೆಯ ಆಟ, ಸೆಕೆಂಡಿಗೆ 25 ಫ್ರೇಮ್, ಒಟ್ಟು 6,30,000 ಫ್ರೇಮ್. ಒಬ್ಬ ವಿಶೇಷ ಸರ್ಕ್ಯೂಟಿನಲ್ಲಿ ಸೆಕೆಂಡಿಗೆ 175 ಫ್ರೇಮ್ ಎನ್‌ಕೋಡ್ ಮಾಡ್ತಾನೆ, ಒಂದು ಗಂಟೆಗೆ ಮುಗೀತು. ಫೈಲ್ 6 ಎಂಬಿಪಿಎಸ್, ಅಂದ್ರೆ ಸುಮಾರು 18.9 ಜಿಬಿ. ಇನ್ನೊಬ್ಬ ಕೋರ್‌ಗಳಲ್ಲಿ ನಿಧಾನ ಮೆಟ್ಟಿಲಲ್ಲಿ ಸೆಕೆಂಡಿಗೆ 50 ಫ್ರೇಮ್. ಮೂರೂವರೆ ಗಂಟೆ. ಕಣ್ಣಿಗೆ ಅದೇ ಗುಣಮಟ್ಟ, ಫೈಲ್ 4 ಎಂಬಿಪಿಎಸ್, 12.6 ಜಿಬಿ. ಬೆಂಚ್‌ಮಾರ್ಕ್ ಪಟ್ಟಿಯಲ್ಲಿ ಮೊದಲನೆಯವನು ಮೂರೂವರೆ ಪಟ್ಟು ಮುಂದೆ.

ಈಗ ಯೂಟ್ಯೂಬಿಗೆ ಹಾಕಬೇಕು. ಘಟ್ಟದ ನಡುವಿನ ಊರು, ಅಪ್‌ಲೋಡ್ 3 ಎಂಬಿಪಿಎಸ್ ಅಂತ ಇಟ್ಕೊಳ್ಳಿ. ಮೊದಲನೆಯವನ ಫೈಲ್ ಮೇಲೇರೋಕೆ 14 ಗಂಟೆ, ಒಟ್ಟು 15. ಎರಡನೆಯವನದ್ದು 9 ಗಂಟೆ 20 ನಿಮಿಷ, ಒಟ್ಟು 12 ಗಂಟೆ 50 ನಿಮಿಷ. ನಿಧಾನ ಇದ್ದವನು ಎರಡು ಗಂಟೆ ಮೊದಲೇ ಮುಗಿಸಿ ಮಲಗಿದ. ಅದೇ ಊರಿಗೆ ಫೈಬರ್ ಬಂತು, 50 ಎಂಬಿಪಿಎಸ್ ಅಂತ ಇಟ್ಕೊಂಡ್ರೆ? ಮೊದಲನೆಯವನು ಎರಡು ಗಂಟೆಯೊಳಗೆ, ಎರಡನೆಯವನು ನಾಲ್ಕು ಗಂಟೆ ಚಿಲ್ಲರೆ. ಚಿಪ್ ಯಾವುದೂ ಬದಲಾಗಿಲ್ಲ, ತಂತಿ ಬದಲಾಯ್ತು, ಗೆದ್ದವನು ಬದಲಾದ. ಹೊಸ ಪ್ರೊಸೆಸರಿಗೆ ದುಡ್ಡು ಕೊಡೋ ಮುಂಚೆ ಅಪ್‌ಲೋಡ್ ವೇಗ ಒಮ್ಮೆ ನೋಡ್ಕೊಳ್ಳಿ ಅಂತ ನಾನು ಹೇಳೋದು ಅದಕ್ಕೇ. ಅಂದ ಹಾಗೆ ನೀವು ಎಷ್ಟೇ ಚೆಂದ ಎನ್‌ಕೋಡ್ ಮಾಡಿ ಕಳಿಸಿದರೂ ಯೂಟ್ಯೂಬ್ ಅದನ್ನ ಬಿಚ್ಚಿ ತನ್ನ ರೀತಿಯಲ್ಲಿ ಮತ್ತೆ ಎನ್‌ಕೋಡ್ ಮಾಡುತ್ತೆ. ಆ ಕೆಲಸಕ್ಕೆ ಅಂತಲೇ ತಾನು ಚಿಪ್ ಮಾಡಿದ್ದಾಗಿ ಗೂಗಲ್ 2021ರಲ್ಲಿ ಹೇಳಿತು.

ಮಳೆಗಾಲದ ಕರೆಂಟಿನ ಬಗ್ಗೆ ಯಾವ ಬೆಂಚ್‌ಮಾರ್ಕೂ ಹೇಳಲ್ಲ, ನಾನು ಹೇಳ್ತೀನಿ. ಸಾಮಾನ್ಯವಾಗಿ ಎಂಪಿ4 ಫೈಲಿನ ಸೂಚಿ ಕೊನೆಗೆ ಬರೆಯಲ್ಪಡುತ್ತೆ. ಆರನೇ ಗಂಟೆಯಲ್ಲಿ ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ಟರೆ, ಅಷ್ಟು ಹೊತ್ತು ಎನ್‌ಕೋಡ್ ಆಗಿದ್ದು ತೆರೆಯೋದೇ ಇಲ್ಲ. ಎಂಕೆವಿ ಮಾದರಿಯಲ್ಲಿ ಬರೆಸಿದರೆ ಅಲ್ಲಿವರೆಗಿನದ್ದು ಉಳಿಯುತ್ತೆ. ಆಟವನ್ನ ಪ್ರಸಂಗದ ಭಾಗಗಳಾಗಿ ಕತ್ತರಿಸಿ ಒಂದೊಂದಾಗಿ ಎನ್‌ಕೋಡ್ ಮಾಡೋದು ಇನ್ನೂ ಒಳ್ಳೇದು.

ನಿಮ್ಮ ಸಿಸ್ಟಮ್ ನೀವೇ ಅಳೀಬೇಕಾ? ನಿಮ್ಮದೇ ರೆಕಾರ್ಡಿಂಗಿನಿಂದ ಗಿರಕಿ ಇರೋ ಹತ್ತು ನಿಮಿಷ, ಕೂತು ಮಾತಾಡೋ ಹತ್ತು ನಿಮಿಷ ಕತ್ತರಿಸಿಡಿ. ಹ್ಯಾಂಡ್‌ಬ್ರೇಕಲ್ಲಿ ಒಂದೇ ಸೆಟ್ಟಿಂಗಲ್ಲಿ ಎರಡನ್ನೂ ಮೂರು ಮೂರು ಸಲ ಓಡಿಸಿ, ಸಮಯದ ಜೊತೆ ಫೈಲ್ ಗಾತ್ರವನ್ನೂ ಬರೆದುಕೊಳ್ಳಿ. ಗೆಳೆಯನ ಕಂಪ್ಯೂಟರಲ್ಲೂ ಅದೇ ತುಣುಕು, ಅದೇ ಆವೃತ್ತಿ. ಫಲಿತಾಂಶ ನಮಗೂ ಕಳಿಸಿ. ಯಾವ ಪ್ರಸಂಗ ಅಂತ ಬರೆಯೋದು ಮರೀಬೇಡಿ.